ನಡಿಗೆ ಕೆಟ್ಟಿದೆ, ಆಪರೇಷನ್ ಬೆನ್ನಿಗೋ ತಲೆಗೋ?

ನಮ್ಮಪ್ಪ ಹೊಸ್ತಿಲ ಹತ್ತಿರ ಬಂದು ನಿಂತುಬಿಡುತ್ತಿದ್ದರು. ಕಾಲೆತ್ತಿ ಆಚೆ ಇಡಬೇಕು ಅಂತ ಗೊತ್ತು, ಆದರೆ ಪಾದ ನೆಲಕ್ಕೆ ಅಂಟಿಕೊಂಡ ಹಾಗೆ. "ತಡಿಯಮ್ಮ, ಬರ್ತೀನಿ" ಅಂತ ಅಲ್ಲೇ ನಾಲ್ಕೈದು ಸಲ ಪಾದ ಸವರಿ, ಆಮೇಲೆ ದಾಟುತ್ತಿದ್ದರು. ಆಗ ಅವರಿಗೆ 71 ವರ್ಷ. ಸೊಂಟನೋವು ಮೊದಲಿನಿಂದಲೂ ಇತ್ತು. ಹಾಗಾಗಿ ನಾವೆಲ್ಲ ಬೆನ್ನನ್ನೇ ಅನುಮಾನಿಸಿದೆವು. ಎಂಆರ್‌ಐ ಮಾಡಿಸಿದರೆ ಸೊಂಟದಲ್ಲಿ ನರದ ದಾರಿ ಕಿರಿದಾಗಿದೆ ಅಂತ ಬಂತು. ಒಂದು ಆಸ್ಪತ್ರೆಯಲ್ಲಿ ರಾಡು, ಸ್ಕ್ರೂ ಹಾಕಲು ತಾರೀಖನ್ನೂ ಕೊಟ್ಟರು. ಅಪ್ಪನನ್ನು ಹತ್ತು ಹೆಜ್ಜೆ ನಡೆಸಿ ನೋಡಿದವರು ಅಲ್ಲಿ ಯಾರೂ ಇರಲಿಲ್ಲ.

ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಬೇರೆ ಕಡೆ ಹೋದೆವು. ಅಲ್ಲಿನ ನರರೋಗದ ಡಾಕ್ಟರು ಮೊದಲು ಕಾರಿಡಾರಿನಲ್ಲಿ ನಡೆಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಬಾತ್‌ರೂಮ್ ತಲುಪುವಷ್ಟರಲ್ಲಿ ಮೂತ್ರ ಆಗಿಬಿಡುತ್ತಾ?" ಅಮ್ಮ ಹೌದು ಅಂತ ತಲೆಯಾಡಿಸಿದರು. ಒಂದು ವರ್ಷದಿಂದ ಅಮ್ಮನೇ ಬಟ್ಟೆ ಒಗೆದು ಯಾರಿಗೂ ಹೇಳದೆ ಸಂಭಾಳಿಸಿದ್ದರು. ತೊಂದರೆ ಇದ್ದದ್ದು ತಲೆಯಲ್ಲಿ. ಮೆದುಳಿನ ಒಳಗೆ ನೀರು ಸೇರಿಕೊಂಡಿತ್ತು.

ಇದೇ ಕವಲಿನಲ್ಲಿ ನಿಂತಿರುವ ಮನೆಗಳು ಎಷ್ಟೋ ಇವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ರೋಗಿಯನ್ನು ಮುಟ್ಟಿ ನೋಡಿದವರ ಮಾತೇ ಕೊನೆಯದು. ಆದರೆ ಯಾವ ಆಪರೇಷನ್ ಯಾಕೆ, ಬೇರೆ ದಾರಿ ಏನು ಅಂತ ಕೇಳಲು ನಮಗೂ ಸ್ವಲ್ಪ ಗೊತ್ತಿರಬೇಕು ಅಲ್ವಾ?

ಮೊದಲು ನಡಿಗೆ, ಆಮೇಲೆ ಸ್ಕ್ಯಾನ್

ವಯಸ್ಸಾದವರ ನಡಿಗೆ ಕೆಡಲು ಹಲವು ಕಾರಣಗಳಿವೆ. ಆಪರೇಷನ್ನಿನಿಂದ ಸುಧಾರಿಸಬಹುದಾದ ಮೂರು ಕಾಯಿಲೆಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ.

ಒಂದು, ಸೊಂಟದಲ್ಲಿ ನರದ ಕಾಲುವೆ ಕಿರಿದಾಗುವುದು. ಲಂಬಾರ್ ಕೆನಾಲ್ ಸ್ಟೆನೋಸಿಸ್ ಅನ್ನುತ್ತಾರೆ. ಇವರು ಮನೆಯಿಂದ ಹೊರಟಾಗ ಚೆನ್ನಾಗಿಯೇ ನಡೆಯುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ತೊಡೆ, ಮೀನಖಂಡ ಭಾರವಾಗಿ ಜೋಮು ಹಿಡಿಯುತ್ತದೆ. ಎಲ್ಲಾದರೂ ಕಟ್ಟೆ ಸಿಕ್ಕಿದರೆ ಕೂರುತ್ತಾರೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಮುಂದಕ್ಕೆ ಬಾಗಿದರೆ ಹಾಯಾಗುತ್ತದೆ, ಯಾಕೆಂದರೆ ಬಾಗಿದಾಗ ಆ ಕಾಲುವೆ ತುಸು ಅಗಲವಾಗುತ್ತದೆ. ಸೈಕಲ್ ತುಳಿಯಲು ತೊಂದರೆ ಇಲ್ಲ, ಬಸ್ ಸ್ಟಾಪಿನಲ್ಲಿ ನಿಲ್ಲುವುದೇ ಕಷ್ಟ. ಕೂರದೆ, ಬಾಗದೆ, ಸುಮ್ನೆ ನಿಂತರೇ ನೋವು ಹೋಗುತ್ತದೆ ಅಂದರೆ ಕಾಲಿನ ರಕ್ತನಾಳವನ್ನು ಪರೀಕ್ಷೆ ಮಾಡಿಸಬೇಕು. ಅದು ಬೇರೆ ಕಾಯಿಲೆ.

ಎರಡು, ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಳ್ಳುವುದು. ಇದನ್ನು ಮನೆಯವರು ತುಂಬಾ ತಡವಾಗಿ ಗಮನಿಸುತ್ತಾರೆ, ಯಾಕೆಂದರೆ ನೋವೇ ಇಲ್ಲದಿರಬಹುದು. ಕೈ ನೋಡಿ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆಯೇ? ಸಹಿ ಬದಲಾಗಿದೆಯೇ? ರಂಗೋಲಿಯ ಎಳೆ ಅಡ್ಡಾದಿಡ್ಡಿ ಹೋಗುತ್ತಿದೆಯೇ? ಕಾಲು ಬಿಗಿಯಾಗಿ, ಕತ್ತಲಲ್ಲಿ ತೂರಾಡುವ ಹಾಗಾಗುತ್ತದೆ.

ಮೂರು, ಅಪ್ಪನಿಗೆ ಇದ್ದದ್ದು. ನಾರ್ಮಲ್ ಪ್ರೆಷರ್ ಹೈಡ್ರೋಕೆಫಾಲಸ್, ಚಿಕ್ಕದಾಗಿ ಎನ್‌ಪಿಎಚ್. ಸಾಮಾನ್ಯವಾಗಿ 60 ದಾಟಿದವರಿಗೆ ಬರುತ್ತದೆ. ಇಲ್ಲಿ ದೂರ ನಡೆದ ಮೇಲೆ ಕಷ್ಟವಾಗುವುದಲ್ಲ, ಮೊದಲ ಹೆಜ್ಜೆಯೇ ಕಷ್ಟ. ಪಾದ ಮೇಲೇಳುವುದಿಲ್ಲ. ಹೆಜ್ಜೆ ಚಿಕ್ಕದು, ಎರಡು ಪಾದದ ನಡುವೆ ಅಂತರ ಜಾಸ್ತಿ. ಹಿಂದಕ್ಕೆ ತಿರುಗಲು ಆರೇಳು ಪುಟ್ಟ ಹೆಜ್ಜೆ ಬೇಕು. ಇದರ ಜೊತೆಗೆ ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ. ಮಾತಿಗೆ ಉತ್ತರ ಬರುವುದು ನಿಧಾನವಾಗುತ್ತದೆ, ಮರೆವು ಬರುತ್ತದೆ. ಮೂರೂ ಒಟ್ಟಿಗೇ ಇರಬೇಕೆಂದಿಲ್ಲ. ಹೆಚ್ಚಿನವರಲ್ಲಿ ಮೊದಲು ಕೆಡುವುದು ನಡಿಗೆ.

ಪಾರ್ಕಿನ್‌ಸನ್ ಕಾಯಿಲೆ, ಸಕ್ಕರೆ ಕಾಯಿಲೆಯಿಂದ ಕೆಟ್ಟ ನರ, ಬಿ12 ಕೊರತೆ, ಇವೂ ನಡಿಗೆ ಕೆಡಿಸುತ್ತವೆ. ಸಸ್ಯಾಹಾರದ ಮನೆಗಳಲ್ಲಿ ಬಿ12 ಕಡಿಮೆ ಇರುವುದು ತೀರಾ ಸಾಮಾನ್ಯ. ಅದು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ದಯವಿಟ್ಟು ಅದನ್ನು ಮೊದಲು ಮಾಡಿಸಿ.

60 ದಾಟಿದವರ ಸೊಂಟದ ಎಂಆರ್‌ಐ ತೆಗೆದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಡಿಸ್ಕ್ ಉಬ್ಬಿರುತ್ತದೆ, ಮೂಳೆ ಸವೆದಿರುತ್ತದೆ. ಯಾವ ನೋವೂ ಇಲ್ಲದವರಲ್ಲೂ ಇದು ಕಾಣುತ್ತದೆ. ಹಾಗಾಗಿ ಸ್ಕ್ಯಾನಿನಲ್ಲಿ ಇದೆ ಅಂದ ಮಾತ್ರಕ್ಕೆ ತೊಂದರೆಗೆ ಅದೇ ಕಾರಣ ಅಂತ ಆಗುವುದಿಲ್ಲ. ಅಪ್ಪನ ವಿಷಯದಲ್ಲಿ ನಾವು ಎಡವಿದ್ದು ಇಲ್ಲೇ. ನೀವು ಒಂದು ಕೆಲಸ ಮಾಡಿ. ಮನೆಯಲ್ಲಿ ಅವರು ಕುರ್ಚಿಯಿಂದ ಎದ್ದು, ನಡೆದು, ತಿರುಗಿ, ವಾಪಸ್ ಬಂದು ಕೂರುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಡಾಕ್ಟರ ಮುಂದೆ ಹಿರಿಯರು ಹುರುಪಿನಿಂದ ಚೆನ್ನಾಗಿ ನಡೆದುಬಿಡುತ್ತಾರೆ. ವಿಡಿಯೋ ಇದ್ದರೆ ನಿಜಸ್ಥಿತಿ ಗೊತ್ತಾಗುತ್ತದೆ.

ನೀರು ತೆಗೆದು ನೋಡುವ ಪರೀಕ್ಷೆ

ಮೆದುಳಿನಲ್ಲಿ ನೀರು ಅಂದಾಗ ಅಮ್ಮ ಹೆದರಿಬಿಟ್ಟರು. ಆದರೆ ಆ ನೀರು ಎಲ್ಲರ ತಲೆಯಲ್ಲೂ ಇರುತ್ತದೆ. ದೊಡ್ಡವರಲ್ಲಿ ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್ ಇರುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ರಕ್ತಕ್ಕೆ ಹೋಗಿ ಸೇರುತ್ತದೆ. ಹೋಗುವ ದಾರಿ ಕಟ್ಟಿಕೊಂಡರೆ, ಅಥವಾ ಹೀರಿಕೊಳ್ಳುವುದು ಕಡಿಮೆಯಾದರೆ ಮೆದುಳಿನ ಒಳಗೆ ಈ ನೀರು ತುಂಬಿರುವ ನಾಲ್ಕು ಕೋಣೆಗಳು ಹಿಗ್ಗುತ್ತವೆ.

ಎನ್‌ಪಿಎಚ್ ವಿಚಿತ್ರ ಅನ್ನಿಸುವುದು ಯಾಕೆಂದರೆ ಅಳೆದಾಗ ಒತ್ತಡ ಸರಿಯಾಗಿಯೇ ಇರುತ್ತದೆ. ಇದನ್ನು ಮೊದಲು ಗುರುತಿಸಿದವರು ಕೊಲಂಬಿಯಾ ದೇಶದ ನರಶಸ್ತ್ರಚಿಕಿತ್ಸಕ ಸಲೋಮೊನ್ ಹಕೀಮ್. 1957ರಲ್ಲಿ ಬೊಗೊಟಾದಲ್ಲಿ ಅಪಘಾತಕ್ಕೆ ಸಿಕ್ಕಿ ಅರೆಪ್ರಜ್ಞೆಯಲ್ಲಿದ್ದ 16 ವರ್ಷದ ಹುಡುಗನನ್ನು ಅವರು ನೋಡುತ್ತಿದ್ದರು. ಪರೀಕ್ಷೆಗೆಂದು ಸ್ವಲ್ಪ ನೀರು ತೆಗೆದಿದ್ದರು, ಅಷ್ಟಕ್ಕೇ ಹುಡುಗ ಚೇತರಿಸಿಕೊಂಡ. ಒತ್ತಡ ಸರಿ ಇದ್ದರೂ ನೀರು ತೆಗೆದರೆ ಗುಣ ಕಾಣುತ್ತದೆ ಅನ್ನುವ ವಿಷಯವನ್ನು ಅವರು 1964ರಲ್ಲಿ ತಮ್ಮ ಪ್ರಬಂಧದಲ್ಲಿ ಬರೆದರು. ಮರುವರ್ಷ ನರರೋಗ ತಜ್ಞ ರೇಮಂಡ್ ಆಡಮ್ಸ್ ಜೊತೆ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು.

ಇವತ್ತಿನ ಪರೀಕ್ಷೆಯೂ ಅದೇ ತರಹದ್ದು. ಸೊಂಟದಲ್ಲಿ ಸೂಜಿ ಹಾಕಿ 30ರಿಂದ 50 ಮಿಲಿಲೀಟರ್ ನೀರು ತೆಗೆಯುತ್ತಾರೆ. ಮೊದಲು ಮತ್ತು ಆಮೇಲೆ ನಡಿಗೆಯನ್ನು ಸಮಯ ಹಿಡಿದು ಅಳೆಯುತ್ತಾರೆ. ಸುಧಾರಿಸಿದರೆ ಶಂಟ್, ಅಂದರೆ ನೀರನ್ನು ಬೇರೆ ಕಡೆಗೆ ಹರಿಸುವ ನಳಿಕೆ, ಹಾಕಿದಾಗಲೂ ಗುಣ ಕಾಣುವ ಸಂಭವ ಹೆಚ್ಚು. ಆದರೆ ಸುಧಾರಿಸಲಿಲ್ಲ ಅಂದರೆ ಶಂಟ್ ಬೇಡವೇ ಬೇಡ ಅಂತಲ್ಲ. ಅನುಮಾನ ಬಲವಾಗಿದ್ದರೆ ಎರಡು ಮೂರು ದಿನ ಸಣ್ಣ ನಳಿಕೆ ಇಟ್ಟು ನಿಧಾನವಾಗಿ ನೀರು ಇಳಿಸಿ ನೋಡುತ್ತಾರೆ. ಅದು ಇನ್ನೂ ಹೆಚ್ಚು ನಂಬಬಹುದಾದ ಪರೀಕ್ಷೆ, ಆದರೆ ಆಸ್ಪತ್ರೆಯಲ್ಲೇ ಇರಬೇಕು, ಸೋಂಕಿನ ಭಯವೂ ಇದೆ.

ಅಪ್ಪನಿಗೆ ಬೆಳಿಗ್ಗೆ ನೀರು ತೆಗೆದರು. ಸಂಜೆ ಕಾಫಿ ಹೊತ್ತಿಗೆ ಅವರು ಮಂಚದಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಒಂದು ಎಚ್ಚರಿಕೆ. ಮೆದುಳಿನ ಒಳಗಡೆ ದಾರಿ ಕಟ್ಟಿಕೊಂಡು ನೀರು ತುಂಬಿದ್ದರೆ, ಗಡ್ಡೆ ಇದ್ದರೆ, ಬೆನ್ನಿನಿಂದ ನೀರು ತೆಗೆಯುವುದು ಅಪಾಯ. ಅದಕ್ಕೇ ತಲೆಯ ಸ್ಕ್ಯಾನ್ ಮೊದಲು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ.

ತಲೆಗಾದರೆ: ಶಂಟ್ ಹಾಕುವುದೋ, ಒಳಗೇ ದಾರಿ ಮಾಡುವುದೋ

ಇಲ್ಲಿ ಮುಖ್ಯವಾಗಿ ಎರಡು ದಾರಿ.

ಮೊದಲನೆಯದು ಶಂಟ್. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ನೀರಿನ ಕೋಣೆಗೆ ತೆಳ್ಳನೆಯ ನಳಿಕೆ ಇಳಿಸುತ್ತಾರೆ. ಕಿವಿಯ ಹಿಂದೆ ಚರ್ಮದ ಕೆಳಗೆ, ನೀರಿನ ಹರಿವನ್ನು ಹಿಡಿತದಲ್ಲಿಡುವ ವಾಲ್ವ್ ಕೂರುತ್ತದೆ. ಅಲ್ಲಿಂದ ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ನಳಿಕೆ ಹೋಗುತ್ತದೆ. ಹೊಟ್ಟೆಗೆ ಇಳಿದ ನೀರನ್ನು ದೇಹವೇ ಹೀರಿಕೊಳ್ಳುತ್ತದೆ. ಹೊರಗೆ ಚೀಲ, ಪೈಪು ಏನೂ ಕಾಣುವುದಿಲ್ಲ.

ಎರಡನೆಯದು ಎಂಡೋಸ್ಕೋಪಿಕ್ ಥರ್ಡ್ ವೆಂಟ್ರಿಕ್ಯುಲೋಸ್ಟಮಿ, ಚಿಕ್ಕದಾಗಿ ಇಟಿವಿ. ದೂರದರ್ಶಕದಂಥ ಪುಟ್ಟ ಕೊಳವೆ ಇಳಿಸಿ, ಮೂರನೇ ಕೋಣೆಯ ತಳದಲ್ಲಿ ರಂಧ್ರ ಮಾಡಿ ನೀರಿಗೆ ಬೇರೆ ದಾರಿ ಕೊಡುತ್ತಾರೆ. ದೇಹದಲ್ಲಿ ಯಾವ ವಸ್ತುವೂ ಉಳಿಯುವುದಿಲ್ಲ. ಕೇಳಿದ ತಕ್ಷಣ ಎಲ್ಲರಿಗೂ ಇದೇ ಇಷ್ಟವಾಗುತ್ತದೆ. ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ. ಮೂರನೇ ಮತ್ತು ನಾಲ್ಕನೇ ಕೋಣೆಯ ನಡುವಿನ ಸಣ್ಣ ಕಾಲುವೆ ಕಟ್ಟಿಕೊಂಡಿದ್ದರೆ ಇದು ತುಂಬಾ ಒಳ್ಳೆಯ ಆಯ್ಕೆ. ನೀರು ಹೀರಿಕೊಳ್ಳುವುದೇ ಕೆಟ್ಟಿದ್ದರೆ ಒಳಗೆ ದಾರಿ ಮಾಡಿ ಪ್ರಯೋಜನ ಕಡಿಮೆ. ಎನ್‌ಪಿಎಚ್‌ಗೆ ಸಾಮಾನ್ಯವಾಗಿ ಶಂಟನ್ನೇ ಹೇಳುವುದು ಅದಕ್ಕೇ.

ಮಕ್ಕಳ ವಿಷಯದಲ್ಲಿ ಲೆಕ್ಕ ಬೇರೆ. ಇಟಿವಿ ಎಷ್ಟು ಕೆಲಸ ಮಾಡೀತು ಅಂತ ಅಂದಾಜಿಸಲು ಡಾಕ್ಟರುಗಳ ಬಳಿ ಒಂದು ಅಂಕಪಟ್ಟಿ ಇದೆ. ಮಗುವಿನ ವಯಸ್ಸು, ಕಾಯಿಲೆಯ ಕಾರಣ, ಮೊದಲೇ ಶಂಟ್ ಹಾಕಿತ್ತೇ, ಈ ಮೂರನ್ನು ಸೇರಿಸಿ ಗರಿಷ್ಠ 90 ಅಂಕ. ಒಂದು ತಿಂಗಳೊಳಗಿನ ಕೂಸಿಗೆ ವಯಸ್ಸಿನ ಅಂಕ ಸೊನ್ನೆ, 10 ವರ್ಷ ದಾಟಿದವರಿಗೆ 50. ಮಿದುಳು ಜ್ವರದಂಥ ಸೋಂಕಿನಿಂದ ನೀರು ತುಂಬಿದ್ದರೆ ಕಾರಣದ ಅಂಕವೂ ಸೊನ್ನೆ. "ನಮ್ಮ ಮಗುವಿನ ಸ್ಕೋರ್ ಎಷ್ಟು?" ಅಂತ ನೀವು ಧೈರ್ಯವಾಗಿ ಕೇಳಬಹುದು. ಬೆನ್ನುಹುರಿ ತೆರೆದುಕೊಂಡು ಹುಟ್ಟಿದ ಮಕ್ಕಳಲ್ಲಿ ಬೆನ್ನು ಮುಚ್ಚುವ ಆಪರೇಷನ್ ಆದ ಮೇಲೆ ತಲೆಯಲ್ಲಿ ನೀರು ತುಂಬುವುದು ಸಾಮಾನ್ಯ. ಆ ತಾಯಿ ತಂದೆಯರಿಗೆ ಬೆನ್ನು, ತಲೆ ಎರಡರ ಚಿಂತೆಯೂ ಒಟ್ಟಿಗೇ ಬರುತ್ತದೆ. ತಲೆಯ ಸುತ್ತಳತೆಯನ್ನು ಅಳೆಯುತ್ತಲೇ ಇರಬೇಕು.

ಶಂಟಿನ ಕಷ್ಟವನ್ನೂ ಮುಚ್ಚಿಡಬಾರದು. ಅದು ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು. ಮಕ್ಕಳಲ್ಲಿ ಮೊದಲ ವರ್ಷದಲ್ಲೇ ಸುಮಾರು 40 ಪರ್ಸೆಂಟ್ ಶಂಟ್ ಕೆಡುತ್ತವೆ ಅಂತ 1998ರ ದೊಡ್ಡ ಅಧ್ಯಯನವೊಂದು ತೋರಿಸಿತು. ದೊಡ್ಡವರಲ್ಲಿ ಹೆಚ್ಚಿನ ಭಯ ನೀರು ಅತಿಯಾಗಿ ಇಳಿದುಹೋಗುವುದು. ಆಗ ಮೆದುಳಿನ ಸುತ್ತ ರಕ್ತ ಸೇರಬಹುದು. ಎದ್ದು ಕೂತಾಗ ಜಾಸ್ತಿಯಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು ಅದರ ಸೂಚನೆ. ಇಟಿವಿಯಲ್ಲಿ ಇಂಥ ತೊಂದರೆ ಕಡಿಮೆ. ಆದರೆ ರಂಧ್ರ ಮುಚ್ಚಿಹೋಗಬಹುದು, ಕೆಲವೊಮ್ಮೆ ವರ್ಷಗಳ ನಂತರವೂ. ಆಗ ತಲೆನೋವು, ವಾಂತಿ, ಮಂಪರು ತುಂಬಾ ಬೇಗ ಬರುತ್ತವೆ. ಇಟಿವಿ ಆದವರೂ ನಿರಾಳವಾಗಿ ಇದ್ದುಬಿಡುವಂತಿಲ್ಲ.

ಶಂಟಿನಿಂದ ಎನ್‌ಪಿಎಚ್‌ಗೆ ನಿಜವಾಗಿ ಗುಣವೇ, ಅಥವಾ ಆಪರೇಷನ್ ಆಯಿತೆಂಬ ನಂಬಿಕೆಯಿಂದ ಹಾಗನ್ನಿಸುತ್ತದೆಯೇ? ಈ ಪ್ರಶ್ನೆ ಬಹಳ ವರ್ಷ ಇತ್ತು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 99 ಜನರಿಗೆ ಶಂಟ್ ಹಾಕಿದರು. ಅರ್ಧದಷ್ಟು ಜನರ ವಾಲ್ವ್ ಕೆಲಸ ಮಾಡುವಂತೆ ಇಟ್ಟರು, ಉಳಿದವರದ್ದನ್ನು ನೀರು ಹೆಚ್ಚುಕಡಿಮೆ ಇಳಿಯದ ಹಾಗೆ ಇಟ್ಟರು. ಯಾರದ್ದು ಯಾವುದು ಅಂತ ರೋಗಿಗೆ ತಿಳಿಸಲಿಲ್ಲ. ಮೂರು ತಿಂಗಳಿಗೆ ಮೊದಲ ಗುಂಪಿನ ನಡಿಗೆಯ ವೇಗ ಸೆಕೆಂಡಿಗೆ ಸರಾಸರಿ 0.23 ಮೀಟರ್ ಹೆಚ್ಚಿತ್ತು. ಎರಡನೇ ಗುಂಪಿನದ್ದು 0.03 ಮಾತ್ರ. ಮೊದಲ ಗುಂಪಿನಲ್ಲಿ ಬೀಳುವುದು ಕಡಿಮೆಯಾಯಿತು. ಅದೇ ಗುಂಪಿನಲ್ಲಿ ತಲೆನೋವು, ಮೆದುಳಿನ ಸುತ್ತ ರಕ್ತ ಸೇರುವುದು ಹೆಚ್ಚಿತ್ತು ಅನ್ನುವುದನ್ನೂ ಮರೆಯಬಾರದು. ಮರೆವು ಮಾತ್ರ ನಡಿಗೆಯಷ್ಟು ಸುಧಾರಿಸುವುದಿಲ್ಲ. ಅಪ್ಪನಲ್ಲೂ ಹಾಗೇ ಆಯಿತು.

ಸೊಂಟದಿಂದ ಹೊಟ್ಟೆಗೆ ಹಾಕುವ ಶಂಟೂ ಇದೆ. ಜಪಾನಿನಲ್ಲಿ ಬಹಳ ಬಳಕೆಯಲ್ಲಿದೆ. ತಲೆಗೆ ಕೈ ಹಾಕಬೇಕಾಗಿಲ್ಲ ಅನ್ನುವುದು ಅದರ ಆಕರ್ಷಣೆ. ಆದರೆ ಸೊಂಟದ ಕಾಲುವೆ ಕಿರಿದಾಗಿರುವ ನಮ್ಮಪ್ಪನಂಥವರಿಗೆ ಅದು ಹೊಂದುವುದಿಲ್ಲ.

ಯಾವ ವಾಲ್ವ್?

ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಬರುವುದು ಇಲ್ಲಿ. ಶಂಟಿಗೆ ಒಳ್ಳೆಯ ವಾಲ್ವ್ ಬಂದದ್ದರ ಹಿಂದೆ ಒಬ್ಬ ಅಪ್ಪನಿದ್ದಾನೆ. ಜಾನ್ ಹೋಲ್ಟರ್ ಅಮೆರಿಕದ ಮೆಕ್ಯಾನಿಕ್. 1955ರಲ್ಲಿ ಅವನ ಮಗ ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದ, ತಲೆಯಲ್ಲಿ ನೀರು ತುಂಬಿತು. ಆಗಿನ ವಾಲ್ವ್‌ಗಳು ಕೈಕೊಡುವುದನ್ನು ನೋಡಿ ಅವನೇ ಸಿಲಿಕೋನಿನಲ್ಲಿ ಹೊಸದನ್ನು ಮಾಡಿದ. 1956ರಿಂದ ಅದು ಬೇರೆ ಮಕ್ಕಳಿಗೂ ಬಂತು.

ಈಗ ಎರಡು ಬಗೆ. ಒತ್ತಡ ಮೊದಲೇ ನಿಗದಿಯಾಗಿರುವ ಸಾದಾ ವಾಲ್ವ್ ಒಂದು. ಹೊರಗಿನಿಂದ ಮ್ಯಾಗ್ನೆಟ್ ಹಿಡಿದು ಒತ್ತಡ ಬದಲಿಸಬಹುದಾದ ಪ್ರೋಗ್ರಾಮೆಬಲ್ ವಾಲ್ವ್ ಇನ್ನೊಂದು. ಬೆಲೆ ಹಲವು ಪಟ್ಟು ಜಾಸ್ತಿ. ಅಷ್ಟು ಕೊಡಬೇಕೇ?

ಮಕ್ಕಳ ವಿಷಯದಲ್ಲಿ ದುಬಾರಿಯದ್ದೇ ಮೇಲು ಅಂತ ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲೇ ತಯಾರಾಗುವ ಛಾಬ್ರಾ ಶಂಟನ್ನು ಉಗಾಂಡಾದಲ್ಲಿ ಡಾಕ್ಟರ್ ಬೆಂಜಮಿನ್ ವಾರ್ಫ್ 195 ಮಕ್ಕಳ ಅಧ್ಯಯನದಲ್ಲಿ ವಿದೇಶಿ ಶಂಟಿನ ಜೊತೆ ಹೋಲಿಸಿದರು. ಆಗ ಛಾಬ್ರಾದ ಬೆಲೆ ಸುಮಾರು 35 ಡಾಲರ್ ಇತ್ತು, ವಿದೇಶಿಯದ್ದು 650. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ನಂತರ ಗಣನೀಯ ವ್ಯತ್ಯಾಸ ಇರಲಿಲ್ಲ. ಅಗ್ಗದ್ದು ಹಾಕಿಸಿದೆವಲ್ಲ ಅಂತ ಕೊರಗುವ ತಂದೆತಾಯಿಗೆ ಇದನ್ನು ಹೇಳಲೇಬೇಕು ಅನ್ನಿಸುತ್ತದೆ.

ಎನ್‌ಪಿಎಚ್ ಇರುವ ಹಿರಿಯರ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅವರಲ್ಲಿ ಎಷ್ಟು ನೀರು ಇಳಿದರೆ ಸರಿ ಅಂತ ಮೊದಲೇ ಹೇಳುವುದು ಕಷ್ಟ. ಪ್ರೋಗ್ರಾಮೆಬಲ್ ಇದ್ದರೆ ತಲೆನೋವು ಬಂದಾಗ ಒತ್ತಡ ಏರಿಸಬಹುದು, ನಡಿಗೆ ಸಾಲದಿದ್ದರೆ ಇಳಿಸಬಹುದು. ಪ್ರತಿ ಸಲ ಆಪರೇಷನ್ ಬೇಕಿಲ್ಲ. ಅಪ್ಪನಿಗೆ ಎರಡು ಸಲ ಬದಲಿಸಿದರು, ಎರಡೂ ಸಲ ಕುರ್ಚಿಯಲ್ಲಿ ಕೂರಿಸಿಕೊಂಡೇ. ಸಾಧ್ಯವಿದ್ದರೆ ಇದಕ್ಕೆ ಹಣ ಹಾಕಿ. ಸಾಧ್ಯವಿಲ್ಲದಿದ್ದರೆ ಸಾದಾ ವಾಲ್ವ್‌ನಿಂದಲೂ ಜನ ಚೆನ್ನಾಗಿ ನಡೆಯುತ್ತಿದ್ದಾರೆ. ಹಣ ಹೊಂದಿಸಲೆಂದು ತಿಂಗಳುಗಟ್ಟಲೆ ಆಪರೇಷನ್ ಮುಂದೂಡುವುದು ಮಾತ್ರ ಬೇಡ.

ಬೆನ್ನಿಗಾದರೆ: ಜಾಗ ಮಾಡಿದರೆ ಸಾಕೋ, ರಾಡೂ ಬೇಕೋ

ಸೊಂಟದ ಸ್ಟೆನೋಸಿಸ್ ಇದ್ದವರೆಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಡಿಕಂಪ್ರೆಷನ್ ಅಂದರೆ ಹಿಂದಿನಿಂದ ಸ್ವಲ್ಪ ಮೂಳೆ, ದಪ್ಪಗಾದ ಪೊರೆ ತೆಗೆದು ನರಕ್ಕೆ ಜಾಗ ಮಾಡುವುದು. ಫ್ಯೂಷನ್ ಅಂದರೆ ಅದರ ಜೊತೆಗೆ ಸ್ಕ್ರೂ, ರಾಡು ಹಾಕಿ ಮೂಳೆಗಳನ್ನು ಬೆಸೆಯುವುದು. ಎರಡನೆಯದರಲ್ಲಿ ಆಪರೇಷನ್ ಹೊತ್ತು, ರಕ್ತ ಹೋಗುವುದು, ಖರ್ಚು ಎಲ್ಲವೂ ಜಾಸ್ತಿ.

ಸ್ವೀಡನ್ನಿನಲ್ಲಿ 247 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಬಂತು. ಬರೀ ಜಾಗ ಮಾಡಿಸಿಕೊಂಡವರು, ಜೊತೆಗೆ ಬೆಸೆಸಿಕೊಂಡವರು, ಈ ಎರಡು ಗುಂಪಿನಲ್ಲಿ ಎರಡು ವರ್ಷಕ್ಕೂ ಐದು ವರ್ಷಕ್ಕೂ ವ್ಯತ್ಯಾಸ ಕಾಣಲಿಲ್ಲ. ಮೂಳೆ ಜಾರಿರುವವರಿಗಾದರೂ ರಾಡು ಬೇಕಲ್ಲವೇ ಅನ್ನಬಹುದು. ನಾರ್ವೆಯಲ್ಲಿ ಅಂಥವರನ್ನೇ 267 ಜನ ಆರಿಸಿ ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ, ಬರೀ ಜಾಗ ಮಾಡಿದ್ದೂ ಕಡಿಮೆಯೇನಲ್ಲ ಅಂತ ಕಂಡಿತು. ಅಮೆರಿಕದ ಸಣ್ಣ ಅಧ್ಯಯನವೊಂದರಲ್ಲಿ ಬೆಸೆದವರಿಗೆ ತುಸು ಹೆಚ್ಚು ಲಾಭ ಕಂಡದ್ದೂ ಇದೆ. ಬಾಗಿದಾಗ ಮೂಳೆ ತುಂಬಾ ಅಲ್ಲಾಡುತ್ತಿದ್ದರೆ, ಬೆನ್ನು ಸೊಟ್ಟಗಾಗಿದ್ದರೆ, ನರ ಹೊರಬರುವ ಕಿಂಡಿಯೇ ಕುಸಿದಿದ್ದರೆ ಬೆಸೆಯಲೇಬೇಕಾಗಬಹುದು. ಹಾಗಾಗಿ "ರಾಡು ಯಾಕೆ ಬೇಕು? ಬಾಗಿಸಿ ತೆಗೆದ ಎಕ್ಸ್‌ರೇಯಲ್ಲಿ ಏನು ಕಂಡಿತು?" ಅಂತ ಕೇಳಿ. ಸರಿಯಾದ ಕಾರಣ ಇದ್ದರೆ ಡಾಕ್ಟರು ಎಕ್ಸ್‌ರೇ ತೋರಿಸಿ ವಿವರಿಸುತ್ತಾರೆ.

ಡಿಸ್ಕ್ ಜಾರಿ ಒಂದೇ ಕಾಲಿಗೆ ಎಳೆಯುವ ನೋವಿದ್ದರೆ ಅವಸರ ಬೇಡ. ಬಹುಪಾಲು ಜನರಿಗೆ ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿ ತಗ್ಗುತ್ತದೆ. ನೆದರ್ಲೆಂಡ್ಸ್‌ನ 2007ರ ಅಧ್ಯಯನದಲ್ಲಿ ಬೇಗ ಆಪರೇಷನ್ ಆದವರಿಗೆ ನೋವು ಬೇಗ ಹೋಯಿತು, ಆದರೆ ಒಂದು ವರ್ಷದ ಹೊತ್ತಿಗೆ ಕಾದವರೂ ಅದೇ ಸ್ಥಿತಿಗೆ ಬಂದಿದ್ದರು. ಕಾದವರಲ್ಲಿ 39 ಪರ್ಸೆಂಟ್ ಜನ ತಡೆಯಲಾಗದೆ ಆಮೇಲೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದೂ ನಿಜ. ನೋವನ್ನು ಎಷ್ಟು ದಿನ ತಾಳಬಲ್ಲೆ ಅನ್ನುವುದು ನಿಮ್ಮದೇ ತೀರ್ಮಾನ.

ಕುತ್ತಿಗೆಯ ಹುರಿ ಒತ್ತಿಕೊಂಡಿದ್ದರೆ ಮಾತ್ರ ಕಾಯುತ್ತಾ ಕೂರಬಾರದು. ಕೈಯ ಹಿಡಿತ, ಕಾಲಿನ ಬಲ ಒಮ್ಮೆ ಹೋದರೆ ಪೂರ್ತಿ ವಾಪಸ್ ಬರುವ ಖಾತರಿ ಇಲ್ಲ. ಆಪರೇಷನ್ನಿನ ಮೊದಲ ಗುರಿ ಇನ್ನಷ್ಟು ಕೆಡದಂತೆ ತಡೆಯುವುದು. ಮುಂದಿನಿಂದಲೋ ಹಿಂದಿನಿಂದಲೋ ಅನ್ನುವುದು ಎಷ್ಟು ಕಡೆ ಒತ್ತಿದೆ, ಕುತ್ತಿಗೆಯ ಬಾಗು ಹೇಗಿದೆ ಅನ್ನುವುದರ ಮೇಲೆ ನಿಂತಿದೆ. ಮುಂದಿನಿಂದ ಮಾಡಿದರೆ ಕೆಲವು ದಿನ ನುಂಗಲು ಕಷ್ಟವಾಗಬಹುದು.

ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಎರಡೂ ಕಾಲು ಒಮ್ಮೆಲೇ ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ. ಇಲ್ಲಿ ಹೋಲಿಕೆಗೆ, ಯೋಚನೆಗೆ ಸಮಯ ಇರುವುದಿಲ್ಲ.

ಎರಡೂ ಇದ್ದರೆ

ಅಪ್ಪನಿಗೆ ಎರಡೂ ಇತ್ತು. ಯಾವುದು ಈಗ ಜಾಸ್ತಿ ಕಾಡುತ್ತಿದೆಯೋ ಅದನ್ನು ಮೊದಲು ಅಂದರು ಡಾಕ್ಟರು. ನೀರು ತೆಗೆದಾಗ ನಡಿಗೆ ಸುಧಾರಿಸಿದ್ದರಿಂದ ಶಂಟ್ ಮೊದಲಾಯಿತು. ಈಗಲೂ ಅವರಿಗೆ ಮಾರ್ಕೆಟ್ಟಿನ ಅರ್ಧ ದಾರಿಯಲ್ಲಿ ತೊಡೆ ಹಿಡಿಯುತ್ತದೆ. ಅಂಗಡಿ ಮುಂದಿನ ಬೆಂಚಿನಲ್ಲಿ ಐದು ನಿಮಿಷ ಕೂತು ಮುಂದೆ ಹೋಗುತ್ತಾರೆ. ಬೆನ್ನಿನ ಆಪರೇಷನ್ ಸದ್ಯಕ್ಕೆ ಬೇಡ ಅಂತ ಅವರೇ ನಿರ್ಧರಿಸಿದ್ದಾರೆ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಪರ್ಸೆಂಟ್ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಪ್ಯಾಕೇಜಿನಲ್ಲಿ ಯಾವ ವಾಲ್ವ್ ಬರುತ್ತದೆ, ಬೇರೆಯದಕ್ಕೆ ಕೈಯಿಂದ ಎಷ್ಟು ಹಾಕಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ನರಶಸ್ತ್ರಚಿಕಿತ್ಸೆ ಎರಡೂ ಒಂದೇ ಆವರಣದಲ್ಲಿವೆ. ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಬೇಕು.

ಡಿಸ್ಚಾರ್ಜ್ ದಿನ ವಾಲ್ವ್‌ನ ಕಾರ್ಡ್ ಕೊಡುತ್ತಾರೆ. ಅದರಲ್ಲಿ ಕಂಪನಿ, ಮಾದರಿ, ಇಟ್ಟಿರುವ ಒತ್ತಡದ ಸಂಖ್ಯೆ ಇರುತ್ತದೆ. ಕೊಡದಿದ್ದರೆ ಕೇಳಿ ಪಡೆಯಿರಿ. ಮುಂದೆ ಯಾವುದೇ ಕಾರಣಕ್ಕೆ ಎಂಆರ್‌ಐ ಮಾಡಿಸಿದರೂ ಮೊದಲು ಆ ಕಾರ್ಡ್ ತೋರಿಸಬೇಕು. ಕೆಲವು ವಾಲ್ವ್‌ಗಳ ಒತ್ತಡ ಎಂಆರ್‌ಐ ಮ್ಯಾಗ್ನೆಟ್ಟಿಗೆ ಬದಲಾಗಿಬಿಡುತ್ತದೆ, ಸ್ಕ್ಯಾನ್ ಆದ ಮೇಲೆ ಮತ್ತೆ ನೋಡಿಸಿ ಸರಿಮಾಡಿಸಬೇಕು. ಮ್ಯಾಗ್ನೆಟ್ ಇರುವ ಹೆಡ್‌ಫೋನ್, ಮೊಬೈಲ್ ಕವರನ್ನು ವಾಲ್ವ್ ಇರುವ ಕಿವಿಗೆ ಒತ್ತಿ ಹಿಡಿಯಬಾರದು. ಅಪ್ಪನ ಕಾರ್ಡು ಅವರ ಪರ್ಸಿನಲ್ಲಿ ಆಧಾರಿನ ಹಿಂದೆ ಇದೆ. ಅದರ ಫೋಟೋ ಅಮ್ಮನ ಮೊಬೈಲಿನಲ್ಲೂ ಇದೆ, ನನ್ನ ಮೊಬೈಲಿನಲ್ಲೂ ಇದೆ.